ಕಾರಿನ ಜೊತೆ ಬಂದ ಬ್ಯಾಟರಿ: ಕಾರವಾರದಲ್ಲಿ 5 ವರ್ಷದ ಲೆಕ್ಕ

ಹೊಸ ಕಾರಿನ ಜೊತೆ ಬರುವ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಒಬ್ಬರು ಮೂರು ಅನ್ನುತ್ತಾರೆ, ಇನ್ನೊಬ್ಬರು ಏಳು ಅನ್ನುತ್ತಾರೆ. ನನ್ನದು 5 ವರ್ಷಕ್ಕೆ ಮುಗಿಯಿತು. ಆ ಐದು ವರ್ಷದಲ್ಲಿ ಎರಡು ಸಲ ಅದು ಹೋಯಿತು ಅಂದುಕೊಂಡಿದ್ದೆ. ಮೊದಲ ಸಲ ಬ್ಯಾಟರಿಯಲ್ಲಿ ದೋಷವೇ ಇರಲಿಲ್ಲ. ಎರಡನೇ ಸಲ ದೋಷ ನಾನೇ ಮಾಡಿದ್ದು. ಮೂರನೇ ಸಲ ನಿಜವಾಗಿಯೂ ಹೋಯಿತು. ಸೆಪ್ಟೆಂಬರ್ 2024ರ ಕೊನೆಯಲ್ಲಿ ಹೊಸದು ಕೂರಿಸಿದೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಅಂಕಿಗಳನ್ನು ಮರೆಯುವ ಮೊದಲು ಇಲ್ಲಿ ಹಾಕುತ್ತಿದ್ದೇನೆ.

ಕಾರು ಸಣ್ಣ ಪೆಟ್ರೋಲ್ ಗಾಡಿ, ನವೆಂಬರ್ 2019ರಲ್ಲಿ ತಂದದ್ದು. ಬ್ಯಾಟರಿ ಮೇಲಿನ ತಯಾರಿಕೆಯ ಮುದ್ರೆ ಸೆಪ್ಟೆಂಬರ್ 2019. ನಮೂನೆ 38ಬಿ20ಎಲ್, 12 ವೋಲ್ಟ್, 35 ಆಂಪಿಯರ್ ಅವರ್. ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಕೆಲಸ ಸೇತುವೆ ದಾಟಿ ಸದಾಶಿವಗಡದಲ್ಲಿ. ಅಂದರೆ ದಿನಾ ನಾಲ್ಕೈದು ಕಿಲೋಮೀಟರ್ ಓಡಾಟ ಅಷ್ಟೇ. ಎರಡು ವಾರಕ್ಕೊಮ್ಮೆ ಶಿರಸಿ ಹತ್ತಿರದ ಊರಿಗೆ ಹೋಗಿಬರುತ್ತೇವೆ, ಒಂದು ಕಡೆಗೆ ಸುಮಾರು 125 ಕಿಲೋಮೀಟರ್. ಈ ಓಡಾಟದ ಲೆಕ್ಕ ಮುಂದೆ ಬೇಕಾಗುತ್ತದೆ.

ಹಂತ 1: ಜುಲೈ 2023. ಸೆಲ್ಫ್ ಎಳೆಯುತ್ತಿಲ್ಲ

ಜೋರು ಮಳೆ ಹಿಡಿದ ವಾರ. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ (ಇಂಜಿನ್ ಶುರು ಮಾಡುವ ಮೋಟಾರ್) ‘ಊಂ... ಊಂ...’ ಅಂತ ಎಳೆದು ಎಳೆದು ತಿರುಗಿತು. ಮೂರನೇ ಪ್ರಯತ್ನಕ್ಕೆ ಸ್ಟಾರ್ಟ್ ಆಯಿತು. ಬ್ಯಾಟರಿಗೆ ಆಗ 3 ವರ್ಷ 10 ತಿಂಗಳು. ಹತ್ತಿರದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ, ‘ನಾಲ್ಕು ವರ್ಷ ಆಯ್ತಲ್ಲ, ಬದಲಾಯಿಸಿ ಬಿಡಿ, 4,800 ಆಗುತ್ತದೆ’ ಅಂದರು. ಮೀಟರ್ ಹಚ್ಚಲಿಲ್ಲ. ನಾನೂ ಒಪ್ಪಿದ್ದೆ. ಅಂದು ಆ ಅಳತೆಯ ಬ್ಯಾಟರಿ ಅವರಲ್ಲಿ ಇರಲಿಲ್ಲ, ಹಾಗಾಗಿ ಉಳಿಯಿತು.

ಮನೆಗೆ ಬಂದು ಟರ್ಮಿನಲ್ ನೋಡಿದೆ. ಪಾಸಿಟಿವ್ ಮೇಲೆ ಬಿಳಿ-ಹಸಿರು ಪುಡಿ ಗುಡ್ಡೆಯಾಗಿತ್ತು. 10 ಎಂಎಂ ಸ್ಪ್ಯಾನರ್‌ನಲ್ಲಿ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿದೆ. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿದೆ. ನೊರೆ ಬಂದು ಪುಡಿ ಕರಗಿತು. ಒರೆಸಿ, ಒಣಗಿಸಿ, ಮರಳುಕಾಗದ ಹಾಕಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಹಾಕುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

ಐದು ದಿನ ಚೆನ್ನಾಗಿ ನಡೆಯಿತು. ಆರನೇ ದಿನ ಮತ್ತೆ ‘ಊಂ... ಊಂ...’

ಹಂತ 2: ಅದೇ ತಿಂಗಳು. ಮೀಟರ್ ಹೇಳಿದ್ದು

650 ರೂಪಾಯಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ತಂದೆ. ಈ ಐದು ವರ್ಷದಲ್ಲಿ ಕಾರಿಗೆ ಹಾಕಿದ ಹಣದಲ್ಲಿ ಇದಕ್ಕಿಂತ ಉಪಯೋಗದ 650 ಇನ್ನೊಂದಿಲ್ಲ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಟರ್ಮಿನಲ್‌ಗೆ ಹಿಡಿದಾಗ 12.58 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. 12.4 ಅಂದರೆ ಮುಕ್ಕಾಲು ಭಾಗ, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಹಾಗಾಗಿ ಇದು ತುಂಬಿಯೇ ಇತ್ತು. ಇಂಜಿನ್ ಓಡುವಾಗ 14.2. ಅಂದರೆ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಕೂಡ ಸರಿ.

ಆಮೇಲೆ ಹೆಂಡತಿಗೆ ಕೀ ತಿರುಗಿಸಲು ಹೇಳಿ, ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೇ ಅಳೆದೆ. 11.3 ವೋಲ್ಟ್. ಇಲ್ಲಿ ನಾನು ತುಂಬಾ ಹೊತ್ತು ಗೊಂದಲದಲ್ಲಿದ್ದೆ. ಸೋತ ಬ್ಯಾಟರಿಯಾದರೆ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿಯಬೇಕು, 9.6ಕ್ಕಿಂತ ಕೆಳಗೆ ಹೋಗಬೇಕು. ಇದು ಕುಸಿಯುತ್ತಲೇ ಇಲ್ಲ, ಆದರೂ ಸೆಲ್ಫ್ ತಿರುಗುತ್ತಿಲ್ಲ. ಅಂದರೆ ಬ್ಯಾಟರಿ ಕೊಡಲು ತಯಾರಿದೆ, ಕರೆಂಟ್ ಹೋಗಲು ದಾರಿ ಇಲ್ಲ. ಸೆಲ್ಫ್ ಎಳೆಯದೆ ವೋಲ್ಟೇಜ್ ಬಿದ್ದರೆ ಬ್ಯಾಟರಿ ನೋಡಬೇಕು. ಸೆಲ್ಫ್ ಎಳೆಯದೆ ವೋಲ್ಟೇಜ್ ನಿಂತೇ ಇದ್ದರೆ ವೈರು ನೋಡಬೇಕು. ಗ್ಯಾರೇಜಿನಲ್ಲಿ ಯಾರಾದರೂ ಈ ಒಂದು ಅಳತೆ ತೆಗೆದಿದ್ದರೆ 4,800 ರೂಪಾಯಿಯ ಮಾತೇ ಬರುತ್ತಿರಲಿಲ್ಲ.

ಮೀಟರಿನ ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಮೊನೆ ಇಂಜಿನ್ನಿನ ಬರಿ ಲೋಹಕ್ಕೆ. ಮತ್ತೆ ಸೆಲ್ಫ್. 2.1 ವೋಲ್ಟ್ ತೋರಿಸಿತು. ಅಲ್ಲಿ 0.2, ಹೆಚ್ಚೆಂದರೆ 0.3 ಇರಬೇಕು. ಎರಡು ವೋಲ್ಟ್ ಅರ್ಥಿಂಗ್ ದಾರಿಯಲ್ಲೇ, ಅಂದರೆ ಇಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿಯಲ್ಲೇ, ಸೋರಿಹೋಗುತ್ತಿತ್ತು.

ಅರ್ಥಿಂಗ್ ಪಟ್ಟಿ ಬ್ಯಾಟರಿ ಟ್ರೇಯ ಕೆಳಗೆ, ಗೇರ್‌ಬಾಕ್ಸ್‌ಗೆ ಒಂದು ಬೋಲ್ಟ್‌ನಲ್ಲಿ ಕೂತಿತ್ತು. ಮೇಲಿನಿಂದ ಕಣ್ಣಿಗೆ ಕಾಣುವುದೇ ಇಲ್ಲ. ಬೋಲ್ಟ್ ಬಿಚ್ಚಿ ಎಳೆದಾಗ ಹೆಣೆದ ತಾಮ್ರದ ಎಳೆಗಳಲ್ಲಿ ಅರ್ಧಕ್ಕರ್ಧ ಕೈಗೇ ಬಂದವು. ಒಳಗೆಲ್ಲ ಹಸಿರು ಪುಡಿ. ನಮ್ಮ ಕಡೆ ಕಿಟಕಿಯ ಸರಳು, ಗೇಟಿನ ತಿರುಗಣಿ ಏನಾಗುತ್ತವೆ ಅಂತ ಎಲ್ಲರಿಗೂ ಗೊತ್ತು. ಉಪ್ಪುಗಾಳಿ ಕಾರಿನ ಹೊಟ್ಟೆಯೊಳಗೂ ಅದನ್ನೇ ಮಾಡುತ್ತದೆ.

ಆಟೋ ಎಲೆಕ್ಟ್ರಿಷಿಯನ್ ಒಬ್ಬರು 25 ಚದರ ಎಂಎಂ ತಾಮ್ರದ ಕೇಬಲ್ಲನ್ನು 45 ಸೆಂಟಿಮೀಟರ್ ಕತ್ತರಿಸಿ, ಎರಡೂ ತುದಿಗೆ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಒತ್ತಿ ಕೊಟ್ಟರು. 320 ರೂಪಾಯಿ. ನಾನು ಅವಸರದಲ್ಲಿ ಹಾಗೇ ಬಿಗಿದೆ. ಅಳೆದರೆ 0.6 ವೋಲ್ಟ್. ಲಗ್ ಕೂರುವ ಜಾಗದಲ್ಲಿ ತುಕ್ಕು ಮತ್ತು ಬಣ್ಣ ಹಾಗೇ ಇತ್ತು. ಮತ್ತೆ ಬಿಚ್ಚಿ, ಲೋಹ ಹೊಳೆಯುವ ತನಕ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದೆ. ಈಗ 0.14.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ ಈಗ 10.5ಕ್ಕೆ ಇಳಿಯುತ್ತಿತ್ತು. ಮೊದಲಿಗಿಂತ ಕಡಿಮೆ. ಅದೇ ಸರಿ, ಯಾಕಂದರೆ ಈಗ ಕರೆಂಟ್ ಹರಿಯುತ್ತಿದೆ. ಗಾಡಿ ಅರ್ಧ ತಿರುವಿಗೆ ಸ್ಟಾರ್ಟ್ ಆಯಿತು.

ಹಂತ 3: ಮಾರ್ಚ್ 2024. ನಾನು ಮಾಡಿದ ಹಾನಿ

ಮಾರಿಕಾಂಬಾ ಜಾತ್ರೆಗೆ ಊರಿಗೆ ಹೋದೆವು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಶಿರಸಿ ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವ ಮಾತಿಲ್ಲ. ಕಾರನ್ನು ಮನೆ ಅಂಗಳದ ಅಡಿಕೆ ಚಪ್ಪರದ ಕೆಳಗೆ ಬಿಟ್ಟು ಬಸ್ಸಿನಲ್ಲೇ ಓಡಾಡಿದೆವು. 11 ದಿನ ಕಾರು ಮುಟ್ಟಲಿಲ್ಲ.

12ನೇ ದಿನ ಹೊರಡಲು ಹೋದರೆ ರಿಮೋಟ್ ಬಾಗಿಲನ್ನೂ ತೆಗೆಯಲಿಲ್ಲ. ಬ್ಯಾಟರಿ 7.9 ವೋಲ್ಟ್.

ಪಕ್ಕದ ಮನೆಯ ಪಿಕಪ್ ತಂದು ಜಂಪ್ ಮಾಡಿದೆವು. ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ತುದಿ ಪಿಕಪ್ಪಿನ ಪಾಸಿಟಿವ್‌ಗೆ, ಕಪ್ಪು ಪಿಕಪ್ಪಿನ ನೆಗೆಟಿವ್‌ಗೆ, ಕೊನೆಯ ತುದಿ ನನ್ನ ಕಾರಿನ ಇಂಜಿನ್ ಲೋಹಕ್ಕೆ. ಕೊನೆಯದನ್ನು ಬ್ಯಾಟರಿಯ ಮೇಲೆ ಹಾಕಬಾರದು, ಕಿಡಿ ಹಾರಿದರೆ ಅಲ್ಲಿರುವ ಹೈಡ್ರೋಜನ್ ಹೊತ್ತಿಕೊಳ್ಳಬಹುದು. ನನ್ನಲ್ಲಿದ್ದದ್ದು 400 ರೂಪಾಯಿಯ ತೆಳು ಕೇಬಲ್. ಸೆಲ್ಫ್ ಹೊಡೆದ ಕೂಡಲೇ ಕೈ ಇಡಲಾಗದಷ್ಟು ಬಿಸಿಯಾಯಿತು, ಇಂಜಿನ್ ಅಲ್ಲಾಡಲಿಲ್ಲ. ಪಿಕಪ್ಪನ್ನು 15 ನಿಮಿಷ ಓಡುತ್ತಾ ಬಿಟ್ಟು, ಸತ್ತ ಬ್ಯಾಟರಿಗೆ ಸ್ವಲ್ಪ ಜೀವ ಬಂದ ಮೇಲೆ ಸ್ಟಾರ್ಟ್ ಆಯಿತು.

ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಬರಲು ಮೂರೂವರೆ ತಾಸು. ಅಷ್ಟು ಓಡಿದರೆ ತುಂಬಿರುತ್ತದೆ ಅಂತ ನಂಬಿದ್ದೆ. ಮರುದಿನ ಬೆಳಿಗ್ಗೆ 12.24. ಅರ್ಧ ಮಾತ್ರ. ಪೂರ್ತಿ ಬರಿದಾದ ಬ್ಯಾಟರಿಯನ್ನು ಆಲ್ಟರ್ನೇಟರ್ ಒಂದು ಪ್ರಯಾಣದಲ್ಲಿ ತುಂಬಿಸುವುದಿಲ್ಲ, ಅದಕ್ಕೆ ಚಾರ್ಜರ್ ಬೇಕು.

ನಿಂತ ಗಾಡಿಯಲ್ಲಿ ಯಾವುದು ಕರೆಂಟ್ ಕುಡಿಯುತ್ತಿದೆ ಅಂತ ಹುಡುಕಿದೆ. ನೆಗೆಟಿವ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಕಿಂಡಿಯಲ್ಲಿ ಹಾಕಬೇಕು. ಬಾಗಿಲ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಅರ್ಧ ತಾಸು ಕಾಯಬೇಕು. ಕಾರಿನ ಕಂಪ್ಯೂಟರ್ ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. ನಾನು ಕಾಯುವಾಗ ಮೀಟರ್ ಹಾಕಿದ್ದು ಮರೆತು, ಕಿಟಕಿ ಏರಿಸಲು ಹೋಗಿ ಕೀಯನ್ನು ಕೊನೆ ತನಕ ತಿರುಗಿಸಿಬಿಟ್ಟೆ. ಸೆಲ್ಫ್‌ಗೆ ನೂರು ಆಂಪಿಯರ್‌ಗಿಂತ ಜಾಸ್ತಿ ಬೇಕು. ಮೀಟರಿನ ಫ್ಯೂಸ್ ಅಲ್ಲೇ ಹೋಯಿತು. ಹೊಸ ಫ್ಯೂಸ್‌ಗೆ 60 ರೂಪಾಯಿ ಮತ್ತು ಎರಡು ದಿನ. ಈ ಅಳತೆ ಮಾಡುವವರು ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ.

ಎರಡನೇ ಸಲ ಸರಿಯಾಗಿ ಅಳೆದೆ. 0.21 ಆಂಪಿಯರ್. ಸಾಮಾನ್ಯ ಕಾರಿನಲ್ಲಿ 0.05ರ ಒಳಗೆ ಇರಬೇಕು. ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ಡ್ಯಾಶ್‌ಕ್ಯಾಮ್ ಹಾಕಿದ್ದ ಫ್ಯೂಸ್ ತೆಗೆದಾಗ 0.02ಕ್ಕೆ ಇಳಿಯಿತು.

ಆ ಡ್ಯಾಶ್‌ಕ್ಯಾಮ್ ಹಾಕಿದ್ದು ನಾನೇ, ಹಿಂದಿನ ದೀಪಾವಳಿ ರಜೆಯಲ್ಲಿ. ಕೀ ತೆಗೆದರೂ ಕರೆಂಟ್ ಬರುವ ಫ್ಯೂಸ್‌ಗೆ ನೇರ ಜೋಡಿಸಿದ್ದೆ. ದಿನಾ ಗಾಡಿ ಓಡುವಾಗ ಗೊತ್ತಾಗಲಿಲ್ಲ. 0.19 ಆಂಪಿಯರನ್ನು 24 ತಾಸಿಗೆ ಗುಣಿಸಿದರೆ ದಿನಕ್ಕೆ ಸುಮಾರು 4.5 ಆಂಪಿಯರ್ ಅವರ್. ಬ್ಯಾಟರಿ ಇರುವುದೇ 35. ಎಂಟು ದಿನ ಸಾಕು. ಕಾರಿನ ಬ್ಯಾಟರಿ ಒಮ್ಮೆಗೆ ಜೋರಾಗಿ ಕೊಡಲು ಮಾಡಿದ್ದು, ಬರಿದಾಗುವ ತನಕ ಇಳಿಸಲು ಅಲ್ಲ. ಬರಿದಾಗಿ ನಿಂತರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಪೂರ್ತಿ ಮರಳಿ ಬರುವುದಿಲ್ಲ. ನಾಲ್ಕು ವರ್ಷ ಚೆನ್ನಾಗಿದ್ದ ಬ್ಯಾಟರಿಯ ಆಯುಷ್ಯವನ್ನು ನಾನು 11 ದಿನದಲ್ಲಿ ಕತ್ತರಿಸಿದೆ. ಇದನ್ನು ಬರೆಯುವಾಗ ಈಗಲೂ ಬೇಜಾರಾಗುತ್ತದೆ.

ಹಂತ 4: ಏಪ್ರಿಲ್ 2024. ಚಾರ್ಜರ್, ನೀರು, ಇನ್ನೊಂದು ತಪ್ಪು

4 ಆಂಪಿಯರ್‌ನ ಚಾರ್ಜರ್ 1,900 ರೂಪಾಯಿ. ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ 30. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 180.

ನನ್ನ ಬ್ಯಾಟರಿಯ ಮೇಲಿನ ಸ್ಟಿಕ್ಕರ್ ಎಬ್ಬಿಸಿದರೆ ಆರು ಮುಚ್ಚಳಗಳಿದ್ದವು, ಒಂದೊಂದರ ಕೆಳಗೆ ಒಂದೊಂದು ಸೆಲ್ (ಬ್ಯಾಟರಿಯ ಒಳಕೋಣೆ). ಟಾರ್ಚ್ ಬಿಟ್ಟು ನೋಡಿದಾಗ ಎರಡು ಸೆಲ್‌ಗಳಲ್ಲಿ ತಟ್ಟೆ ನೀರಿನಿಂದ ಹೊರಗೆ ಕಾಣುತ್ತಿತ್ತು. ಐದನೇ ಬೇಸಿಗೆ, ಇಂಜಿನ್ ಕೋಣೆಯ ಬಿಸಿ, ನಾನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ಆರೂ ಸೆಲ್‌ಗೆ ಕುತ್ತಿಗೆ ತನಕ ನೀರು ತುಂಬಿಸಿ ಚಾರ್ಜ್‌ಗೆ ಇಟ್ಟೆ.

ಇದೇ ತಪ್ಪು. ಚಾರ್ಜ್ ಆಗುವಾಗ ಒಳಗಿನ ದ್ರವ ಉಬ್ಬುತ್ತದೆ. ಬೆಳಿಗ್ಗೆ ನೋಡಿದರೆ ಆಸಿಡ್ ಉಕ್ಕಿ ಟ್ರೇಗೆ ಇಳಿದಿತ್ತು. ಬಿಚ್ಚದೆ ಕಾರಿನಲ್ಲೇ ಇಟ್ಟು ಚಾರ್ಜ್ ಮಾಡಿದ್ದು ಇನ್ನೊಂದು ತಪ್ಪು. ಅಡುಗೆ ಸೋಡಾದ ನೀರು ಸುರಿದು ತೊಳೆದೆ, ಆದರೂ ಟ್ರೇಯ ಬಣ್ಣ ಎದ್ದಿತು. ಮಾಡಬೇಕಾದ ಕ್ರಮ ಹೀಗೆ: ಮೊದಲು ತಟ್ಟೆ ಮುಳುಗುವಷ್ಟೇ ನೀರು, ಪೂರ್ತಿ ಚಾರ್ಜ್, ಆಮೇಲೆ ಗುರುತಿನ ತನಕ ನೀರು. ಬ್ಯಾಟರಿ ಹೊರಗೆ ತೆಗೆದು ಗಾಳಿ ಆಡುವ ಜಾಗದಲ್ಲಿ ಇಡಬೇಕು, ಕಣ್ಣಿಗೆ ಕನ್ನಡಕ ಬೇಕು.

14 ತಾಸು ಚಾರ್ಜ್, 12 ತಾಸು ವಿಶ್ರಾಂತಿ. 12.50 ವೋಲ್ಟ್. ಸೆಲ್ಫ್ ಹೊಡೆಯುವಾಗ 9.9. ಹೋದ ವರ್ಷ 10.5 ಇದ್ದದ್ದು. ಇಳಿದಿದೆ, ಆದರೆ ಬದಲಾಯಿಸುವಷ್ಟು ಇಳಿದಿಲ್ಲ. ಡ್ಯಾಶ್‌ಕ್ಯಾಮ್ ವೈರನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ಗೆ ಬದಲಾಯಿಸಿದೆ. ಖರ್ಚು ಏನೂ ಇಲ್ಲ.

ಹಂತ 5: ಜುಲೈನಿಂದ ಸೆಪ್ಟೆಂಬರ್ 2024. ಕೊನೆಯ ಮಳೆಗಾಲ

ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿ ಜನ ಜೀವ ಕಳೆದುಕೊಂಡರು, ಅದರ ಮುಂದೆ ನನ್ನ ಕಾರಿನ ಸುದ್ದಿ ಏನೂ ಅಲ್ಲ. ದಾಖಲೆಗೆ ಬೇಕು ಅಂತ ಬರೆಯುತ್ತಿದ್ದೇನೆ: ಹೆದ್ದಾರಿ ಬಂದ್ ಆದ ಮೇಲೆ ನಮ್ಮ ಶಿರಸಿ ಓಡಾಟ ನಿಂತಿತು. ಯಲ್ಲಾಪುರದ ಮೇಲೆ ಸುತ್ತಿ ಹೋಗುವ ಧೈರ್ಯ ಆ ಮಳೆಯಲ್ಲಿ ಬರಲಿಲ್ಲ. ಎರಡು ವಾರಕ್ಕೊಮ್ಮೆ ಬ್ಯಾಟರಿ ಸರಿಯಾಗಿ ತುಂಬುತ್ತಿದ್ದದ್ದು ಆ ಪ್ರಯಾಣದಲ್ಲೇ. ಅದು ತಪ್ಪಿತು.

ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಆಮೇಲೆ ಎರಡೂ ದಿಕ್ಕಿನ ವಾಹನ ಹೊಸ ಸೇತುವೆ ಮೇಲೆಯೇ. ಐದು ನಿಮಿಷದ ದಾರಿಗೆ ಕೆಲವು ದಿನ ಮುಕ್ಕಾಲು ತಾಸು. ವೈಪರ್, ಹೆಡ್‌ಲೈಟ್, ಎಸಿ ಎಲ್ಲ ಹಾಕಿ ತೆವಳಬೇಕು. ಒಂದು ಸಂಜೆ ಮನೆ ಮುಂದೆ ಎಲ್ಲವನ್ನೂ ಹಾಕಿ ಅಳೆದೆ. ಇಂಜಿನ್ ಸುಮ್ನೆ ಓಡುವಾಗ 13.0 ವೋಲ್ಟ್, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 14.1. ನಿಂತು ತೆವಳುವ ಗಾಡಿಯಲ್ಲಿ ಬ್ಯಾಟರಿಗೆ ಸಿಗುವುದು ಏನೂ ಇಲ್ಲ ಅಂತಲೇ ಹೇಳಬಹುದು.

ಸೆಪ್ಟೆಂಬರ್ ಮೂರನೇ ವಾರ ಬೆಳಿಗ್ಗೆ 12.15. ಸೆಲ್ಫ್ ಮತ್ತೆ ‘ಊಂ... ಊಂ...’ ಅಂದಿತು. ಈ ಸಲ ಮೊದಲು ಅರ್ಥಿಂಗ್ ನೋಡಿದೆ. 0.16. ಅದು ಸರಿ ಇದೆ. ನಿಂತಾಗಿನ ಕರೆಂಟ್ ಸೋರಿಕೆ 0.02. ಅದೂ ಸರಿ. ಬ್ಯಾಟರಿ ಹೊರಗೆ ತೆಗೆದು ಪೂರ್ತಿ ಚಾರ್ಜ್ ಮಾಡಿ, 12 ತಾಸು ಬಿಟ್ಟು ಹೈಡ್ರೋಮೀಟರ್ ಹಾಕಿದೆ. ಆರು ಸೆಲ್‌ಗಳ ಅಂಕಿ:

1.250, 1.245, 1.250, 1.240, 1.245, 1.150.

ಪೂರ್ತಿ ಚಾರ್ಜ್ ಆದ ಸೆಲ್ 1.265ರ ಆಸುಪಾಸು ಇರಬೇಕು. ಐದು ಸೆಲ್ ಸ್ವಲ್ಪ ಕಡಿಮೆ, ವಯಸ್ಸಿಗೆ ತಕ್ಕ ಹಾಗೆ. ಆರನೆಯದು ಉಳಿದವಕ್ಕಿಂತ ಕಡಿಮೆಯೆಂದರೂ 0.090 ಕೆಳಗೆ. ವ್ಯತ್ಯಾಸ 0.050 ದಾಟಿದರೆ ಆ ಸೆಲ್ ಹೋಯಿತು ಅಂತ ಲೆಕ್ಕ. ಮಾರ್ಚ್‌ನಲ್ಲಿ ಬರಿದಾಗಿ, ನೀರಿಲ್ಲದೆ ನಿಂತಿದ್ದ ಎರಡು ಸೆಲ್‌ಗಳಲ್ಲಿ ಇದೂ ಒಂದು. ಆದರೆ ಒಟ್ಟು ವೋಲ್ಟೇಜ್ ನೋಡಿ: 12.41. ಮೀಟರ್ ಮಾತ್ರ ನೋಡಿದ್ದರೆ ಮುಕ್ಕಾಲು ತುಂಬಿದೆ ಅಂದುಕೊಳ್ಳುತ್ತಿದ್ದೆ. ಕಾರಿಗೆ ಹಾಕಿ ಸೆಲ್ಫ್ ಹೊಡೆದಾಗ 8.7ಕ್ಕೆ ಬಿತ್ತು. 2023ರಲ್ಲಿ ಬೀಳದ ವೋಲ್ಟೇಜ್ ಈಗ ಬಿದ್ದಿದೆ. ಈ ಸಲ ಬ್ಯಾಟರಿಯೇ.

ಹಂತ 6: 29 ಸೆಪ್ಟೆಂಬರ್ 2024. ಬದಲಾವಣೆ

ಮೊದಲ ಅಂಗಡಿಯಲ್ಲಿ 38ಬಿ20 ಅಂತ ಹೇಳಿ ತಂದೆ. ಮನೆಗೆ ಬಂದು ಕೂರಿಸಿದರೆ ಪಾಸಿಟಿವ್ ಕೇಬಲ್ ಮುಟ್ಟಲಿಲ್ಲ. ಕೊನೆಯ ಅಕ್ಷರ ಆರ್ ಇತ್ತು, ನನಗೆ ಬೇಕಾದದ್ದು ಎಲ್. ಅಳತೆ ಎಲ್ಲ ಒಂದೇ, ಕಂಬಗಳು ಮಾತ್ರ ಅದಲು ಬದಲು. ಕೇಬಲ್ ಎಳೆದು ಸೇರಿಸುವ ಪ್ರಯತ್ನ ಮಾಡಬೇಡಿ. ಅವಸರದಲ್ಲಿ ತಿರುಗುಮುರುಗು ಹಾಕಿದರೆ ಆಲ್ಟರ್ನೇಟರ್, ಕಂಪ್ಯೂಟರ್ ಎರಡೂ ಹೋಗಬಹುದು. ಅಂಗಡಿಯವರು ಬೇಸರವಿಲ್ಲದೆ ವಾಪಸ್ ತೆಗೆದುಕೊಂಡರು, ಆದರೆ ಅವರಲ್ಲಿ ಎಲ್ ಇರಲಿಲ್ಲ.

ಎರಡನೇ ಅಂಗಡಿಯಲ್ಲಿ ಕೊಟ್ಟದ್ದು ಒಂಬತ್ತು ತಿಂಗಳ ಹಿಂದಿನ ಮುದ್ರೆಯದು. ಮೀಟರ್ ಹಿಡಿದೆ, 12.38. ಹಿಂದೆ ಇರುವ ಇನ್ನೊಂದನ್ನು ಕೇಳಿದೆ. ಎರಡು ತಿಂಗಳ ಹಿಂದಿನದು, 12.66. ಅದನ್ನೇ ತಂದೆ. 4,700 ರೂಪಾಯಿ, ಹಳೆಯದಕ್ಕೆ 750 ಕಡಿತ, ಕೊಟ್ಟದ್ದು 3,950. ಹಳೆಯದನ್ನು ಗುಜರಿಯವರಿಗೆ ಕೊಡಬೇಡಿ. ಒಳಗಿನ ಆಸಿಡ್ಡನ್ನು ಚರಂಡಿಗೆ ಸುರಿದರೆ ಅದು ಬರುವುದು ನಮ್ಮ ಬಾವಿಗೇ. ಅಂಗಡಿಯಿಂದ ಅದು ಸೀಸ ಕರಗಿಸುವ ಕಾರ್ಖಾನೆಗೆ ಹೋಗುತ್ತದೆ.

ಕೂರಿಸುವಾಗ ಹಿಡಿಕೆಯ (ಬ್ಯಾಟರಿ ಅಲ್ಲಾಡದಂತೆ ಹಿಡಿಯುವ ಪಟ್ಟಿಯ) ಬೋಲ್ಟ್ ತುಕ್ಕು ಹಿಡಿದು ತಲೆಯೇ ಮುರಿಯಿತು. ಹೊಸ ಬೋಲ್ಟ್ 40 ರೂಪಾಯಿ. ಹಿಡಿಕೆ ಇಲ್ಲದೆ ಒಂದು ದಿನವೂ ಓಡಿಸಬಾರದು, ಘಟ್ಟದ ರಸ್ತೆಯಲ್ಲಂತೂ ಅಲ್ಲವೇ ಅಲ್ಲ. ಕುಲುಕಿ ಕುಲುಕಿ ಒಳಗಿನ ತಟ್ಟೆಗಳು ಉದುರುತ್ತವೆ.

ಹೊಸದರ ಅಂಕಿ: ನಿಂತಾಗ 12.66, ಸೆಲ್ಫ್‌ಗೆ 10.8, ಇಂಜಿನ್ ಓಡುವಾಗ 14.2, ಅರ್ಥಿಂಗ್ 0.15. ನಾಲ್ಕನ್ನೂ ದಿನಾಂಕದ ಜೊತೆ ಬಿಳಿ ಟೇಪಿನ ಮೇಲೆ ಬರೆದು ಬ್ಯಾಟರಿಗೇ ಅಂಟಿಸಿದ್ದೇನೆ. ಮುಂದೆ ಯಾವ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದರೂ ಹೋಲಿಸಿ ನೋಡಬಹುದು.

ಟ್ರೇಯ ಕೆಲಸ ಬಾಕಿ ಇದೆ. ಆಸಿಡ್ ತಿಂದ ಜಾಗದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಆಗಿದೆ. ಸದ್ಯಕ್ಕೆ ತಿಕ್ಕಿ ರೆಡ್ ಆಕ್ಸೈಡ್ ಬಳಿದು, ಮೇಲೆ ಹಳೆ ಟ್ಯೂಬಿನ ರಬ್ಬರ್ ಹಾಸಿದ್ದೇನೆ. ಮಳೆ ಪೂರ್ತಿ ನಿಂತ ಮೇಲೆ ಬಿಚ್ಚಿ ವೆಲ್ಡಿಂಗ್‌ಗೆ ಕೊಡಬೇಕು.